ಎರಡು ಮನೆಗಳ ನಡುವಣ ಸಂದಿ

ಕನ್ನಡ ಸಂಧಿಗಳು ಮೂರು ಎಂಬುದನ್ನು ತಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೀರಿ: ಲೋಪ, ಆಗಮ, ಆದೇಶ. ಎರಡು ಅಕ್ಷರಗಳು ಕೂಡುವೆಡೆಯಲ್ಲಿ ಒಂದು ಮಾಯವಾದರೆ ಲೋಪ, ಹೊಸದೊಂದು ಬಂದು ಸೇರಿದರೆ ಆಗಮ, ಒಂದರ ಸ್ಥಾನದಲ್ಲಿ ಮತ್ತೊಂದು ಬಂದು ಕುಳಿತರೆ ಆದೇಶ. ವರ್ಷಗಟ್ಟಲೆ ಇದನ್ನೇ ಪಾಠ ಹೇಳಿದವನ ಕಣ್ಣಿಗೆ ಪಟ್ಟಣದ ಬೀದಿಯಲ್ಲಿಯೂ ಈ ಮೂರೇ ಕಾಣುತ್ತವೆ. ಎರಡು ಮನೆಗಳ ನಡುವಣ ಸಂದಿ ಮುಚ್ಚಿಹೋಗಿ ಗೋಡೆಗೆ ಗೋಡೆ ಕೂಡಿಕೊಂಡಿದ್ದರೆ ಅದು ಲೋಪ. ಮಹಡಿಯ ಮೊಗಸಾಲೆ ಬೀದಿಯ ಮೇಲಕ್ಕೆ ನಾಲ್ಕಡಿ ಚಾಚಿಕೊಂಡಿದ್ದರೆ ಅದು ಆಗಮ. ವಾಸದ ಮನೆಯಿದ್ದ ಎಡೆಯಲ್ಲಿ ಹಿಟ್ಟಿನ ಗಿರಣಿ ಎದ್ದು ನಿಂತಿದ್ದರೆ ಅದು ಆದೇಶ. ಸಂದಿ ಎಂಬ ಮಾತು ಸಂಧಿ ಎಂಬುದರ ತದ್ಭವವೇ ಆಗಿರುವುದರಿಂದ ಈ ಹೋಲಿಕೆಗೆ ನಾನು ಕ್ಷಮೆ ಕೇಳಬೇಕಾಗಿಲ್ಲ.

ಹಾಸ್ಯ ಹಾಗಿರಲಿ. ಪಟ್ಟಣದಲ್ಲಿ ಮನೆ ಕಟ್ಟುವವನು ತನ್ನ ನಿವೇಶನದ ಸುತ್ತಲೂ ಇಷ್ಟಿಷ್ಟು ತೆರಪು ಬಿಡಬೇಕು, ಇಂತಿಷ್ಟು ಎತ್ತರವನ್ನು ಮೀರಬಾರದು, ವಾಸದ ಬಡಾವಣೆಯಲ್ಲಿ ಕಾರ್ಖಾನೆ ಹೂಡಬಾರದು ಎಂಬುದು ಸಾಮಾನ್ಯ ನಿಯಮ. ಆದರೆ ನಿವೇಶನಗಳೆಲ್ಲ ಚೌಕವಾಗಿ ಹುಟ್ಟುವುದಿಲ್ಲ. ಒಬ್ಬನ ಜಾಗ ಮೂರು ಮೂಲೆಯದು. ಇನ್ನೊಬ್ಬನದರ ನಡುವೆ ಬಂಡೆ. ಮತ್ತೊಬ್ಬನದು ಅಣ್ಣತಮ್ಮಂದಿರ ಪಾಲಿನಲ್ಲಿ ಹದಿನೈದಡಿ ಅಗಲಕ್ಕೆ ಇಳಿದದ್ದು. ಇವರು ನಿಯಮವನ್ನು ಅಕ್ಷರಶಃ ಪಾಲಿಸಿದರೆ ಮನೆಯೇ ಏಳದು. ವೈಯಾಕರಣರು ಸಾಮಾನ್ಯ ವಿಧಿಯನ್ನು ಉತ್ಸರ್ಗವೆಂದೂ, ಅದನ್ನು ತಡೆಯುವ ವಿಶೇಷ ವಿಧಿಯನ್ನು ಅಪವಾದವೆಂದೂ ಕರೆಯುತ್ತಾರೆ. ಅಪವಾದವಿಲ್ಲದ ಶಾಸ್ತ್ರ ನಿಲ್ಲದು. ಆದರೆ ವ್ಯಾಕರಣದಲ್ಲಿ ಅಪವಾದಕ್ಕೂ ಒಂದು ಸೂತ್ರವಿರುತ್ತದೆ. ಕೇಳಿದವನ ಮುಖ ನೋಡಿ ಅದನ್ನು ಕೊಡುವುದಿಲ್ಲ. ಊರಿನ ಕಟ್ಟಡಗಳ ವಿಷಯದಲ್ಲಿ ಈ ಅಪವಾದವನ್ನು ಯಾರು ಕೊಡಬೇಕು, ಯಾರ ಮಾತು ಕೇಳಿ ಕೊಡಬೇಕು? ಈ ಪ್ರಶ್ನೆಗೆ ಒಂದು ದೀರ್ಘವಾದ ಚರಿತ್ರೆಯಿದೆ.

ಆ ಚರಿತ್ರೆಯ ಮೊದಲ ಪುಟ ನಮಗೆ ದೊರೆತದ್ದು ಮೈಸೂರಿನಲ್ಲಿ. ಅಲ್ಲಿಯ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಮಾಡಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಹೊರಬಂದಿತು. ಈ ಗ್ರಂಥದ ಹೆಸರೆತ್ತಿದೊಡನೆ ಜನ ಗೂಢಚಾರರನ್ನೂ ವಿಷಪ್ರಯೋಗವನ್ನೂ ನೆನೆಯುತ್ತಾರೆ. ಮೂರನೆಯ ಅಧಿಕರಣದ ಎಂಟನೆಯ ಅಧ್ಯಾಯವನ್ನು ತೆರೆದು ನೋಡುವವರು ಕಡಮೆ. ಅಲ್ಲಿ ರಾಜನೂ ಇಲ್ಲ, ಯುದ್ಧವೂ ಇಲ್ಲ. ಇರುವುದು ಪಕ್ಕಪಕ್ಕದ ಎರಡು ಮನೆಗಳು, ಅವುಗಳ ನಡುವಣ ಸಂದಿ, ಮತ್ತು ಆ ಸಂದಿಗೆ ಬೀಳುವ ನೀರು.

ವಾಸ್ತುವಿನ ವ್ಯಾಜ್ಯಗಳನ್ನು ಸಾಮಂತರ ಸಾಕ್ಷ್ಯದ ಮೇಲೆ ತೀರ್ಮಾನಿಸಬೇಕು ಎಂದು ಆ ಅಧ್ಯಾಯ ಆರಂಭವಾಗುತ್ತದೆ. ಇಲ್ಲಿ ಓದುಗರು ಎಚ್ಚರದಿಂದಿರಬೇಕು. ಸಾಮಂತನೆಂದರೆ ನಮಗೆ ಈಗ ಕಪ್ಪ ಕೊಡುವ ಅರಸ. ಮೂಲದಲ್ಲಿ ಆ ಪದಕ್ಕೆ ಎಲ್ಲೆಗೆ ಎಲ್ಲೆ ಕೂಡಿದವನು, ಎಂದರೆ ನೆರೆಯವನು ಎಂದೇ ಅರ್ಥ. ಪಕ್ಕದ ರಾಜ್ಯದವನು ಪಕ್ಕದ ಮನೆಯವನಂತೆಯೇ ಎಂದು ಆ ಹೆಸರು ಅರಸರಿಗೆ ಏರಿತು, ಆಮೇಲೆ ಕೆಳಗಿಳಿಯಲಿಲ್ಲ.

ನೆರೆಯವನ ಗೋಡೆಯಿಂದ ಎರಡು ಮೊಳ ಇಲ್ಲವೆ ಮೂರು ಪದಗಳಷ್ಟು ಸರಿದು ಹೊಸ ಮನೆಯ ಅಡಿಪಾಯ ಹಾಕಬೇಕು. ನೀರಿನ ಕಾಲುವೆಯನ್ನು ಇಳಿಜಾರಾಗಿ, ಗೋಡೆಯಿಂದ ಮೂರು ಪದ ಇಲ್ಲವೆ ಒಂದೂವರೆ ಮೊಳ ದೂರದಲ್ಲಿ ಹರಿಯಿಸಬೇಕು. ತಪ್ಪಿದರೆ 54 ಪಣ ದಂಡ. ಗಾಡಿ ದನಗಳ ಕೊಟ್ಟಿಗೆ, ಒಲೆ, ನೀರಿನ ಹಂಡೆಯ ಜಾಗ, ಬೀಸುವ ಕಲ್ಲು, ಕುಟ್ಟುವ ಒರಳು ಇವು ಗೋಡೆಗೆ ತಾಗಿರಬಾರದು. ತಾಗಿದ್ದರೆ 24 ಪಣ. ನೆರೆಯವನ ಗೋಡೆಯನ್ನು ನೀರಿನಿಂದ ಕೆಡಿಸಿದವನಿಗೆ 12 ಪಣ. ಮಲಮೂತ್ರಗಳಿಂದ ಕೆಡಿಸಿದರೆ ಅದರ ಎರಡರಷ್ಟು. ಎರಡು ಮನೆಗಳ ಸೂರುಗಳ ನಡುವೆ ನಾಲ್ಕು ಅಂಗುಲ ತೆರಪಿರಬೇಕು, ಇಲ್ಲವೆ ಒಂದರ ಮೇಲೊಂದು ಹೊದೆದಿರಬೇಕು. ಸಂದಿಯ ಕಡೆಗೆ ಒಂದು ಕಿರುಬಾಗಿಲು ಇಟ್ಟುಕೊಳ್ಳಬಹುದು, ಆದರೆ ಅದು ಗೋಡೆಯ ದುರಸ್ತಿಗೆ, ಓಡಾಟಕ್ಕಲ್ಲ. ಬೆಳಕಿಗೆ ಕಿಟಕಿಯಿಡಬಹುದು, ಅದು ಸಣ್ಣದಾಗಿ ಎತ್ತರದಲ್ಲಿರಬೇಕು. ಎದುರು ಮನೆಗೆ ಬಾಧೆಯಾಗುವಂತೆ ಬಾಗಿಲು ಕಿಟಕಿಗಳನ್ನಿಡಬಾರದು. ರಾಜಮಾರ್ಗದ ಮೇಲೆ, ಬೀದಿಯ ಮೇಲೆ ಇಟ್ಟರೆ ಅಡ್ಡಿಯಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮಾತಿದು. ತಮ್ಮ ಊರಿನ ಪುರಸಭೆಗೆ ಬರುವ ತಕರಾರು ಅರ್ಜಿಗಳ ಕಡತವನ್ನು ಯಾರಾದರೂ ತಮಗೆ ತೋರಿಸಿದರೆ, ಪಣವೆಂಬ ಮಾತೊಂದನ್ನು ಬಿಟ್ಟು ಮಿಕ್ಕೆಲ್ಲವೂ ತಮಗೆ ಅದರಲ್ಲಿ ಸಿಕ್ಕೀತು.

ನಮಗೆ ಈಗ ಬೇಕಾದದ್ದು ಅಪವಾದದ ಮಾತು. ಅದೂ ಈ ಅಧ್ಯಾಯದಲ್ಲಿದೆ, ಒಂದಲ್ಲ, ಮೂರು. ಕಸದ ಗುಂಡಿ, ಬಚ್ಚಲ ಕಾಲುವೆ, ಬಾವಿ ಇವನ್ನು ಮನೆಗೆ ಉಚಿತವಾದ ಎಡೆಯಲ್ಲದೆ ಬೇರೆಡೆ ತೋಡಬಾರದು. ಆದರೆ ಬಾಣಂತಿಯ ಬಚ್ಚಲಗುಂಡಿಗೆ ಹತ್ತು ದಿನಗಳ ವಿನಾಯಿತಿಯುಂಟು. ಎಂತಹ ವಿವೇಕ ನೋಡಿ! ಕಾರಣ ಇಂಥದು, ಕಾಲ ಇಷ್ಟು ಎಂದು ಎರಡನ್ನೂ ಗೆರೆ ಹಾಕಿ ಕೊಟ್ಟಿದೆ. ಹನ್ನೊಂದನೆಯ ದಿನ ಗುಂಡಿ ಮುಚ್ಚಬೇಕು. ಎರಡನೆಯದು, ಮಳೆ ಸುರಿಯುತ್ತಿರುವಾಗ ಮೋರಿಯ ನೀರನ್ನು ಹರಿಯಬಿಡುವ ಹಕ್ಕು. ಮೂರನೆಯದೇ ಮುಖ್ಯವಾದದ್ದು: ಮನೆಗಳ ಒಡೆಯರು ಒಟ್ಟುಗೂಡಿ ತಮಗೆ ಇಷ್ಟವಾದಂತೆ ಕಟ್ಟಿಸಿಕೊಳ್ಳಬಹುದು, ಇಷ್ಟವಲ್ಲದ್ದನ್ನು ತಡೆಯಬಹುದು. ಸಂದಿಯ ಅಳತೆ ಇರುವುದು ನೆರೆಯವನ ಹಿತಕ್ಕಾಗಿ. ಆದಕಾರಣ ಅದನ್ನು ಸಡಿಲಿಸುವ ಅಧಿಕಾರ ನೆರೆಯವನಿಗೇ ಸೇರಿದ್ದು, ಅಧಿಕಾರಿಗಲ್ಲ. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಪ್ರಾರ್ಥನೆ.

ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಒಂದೇ ನೆಗೆತಕ್ಕೆ ಬರೋಣ. ಪಕ್ಕದ ಮನೆಯ ಗೋಡೆ ನೆರೆಯವರಿಬ್ಬರ ವಿಷಯವಷ್ಟೇ ಅಲ್ಲ, ಇಡೀ ಊರಿನ ಪ್ರಾಣದ ವಿಷಯ ಎಂಬುದನ್ನು ಕಲಿಸಿದ್ದು ಪ್ಲೇಗು. 1898ರ ಆಗಸ್ಟಿನಲ್ಲಿ ಆ ಮಾರಿ ಬೆಂಗಳೂರಿಗೆ ಬಂದಿತು. ಗಾಳಿ ಬೆಳಕುಗಳಿಲ್ಲದ ಪೇಟೆಯ ಇಕ್ಕಟ್ಟುಗಳಲ್ಲಿ ಅದರ ಹಾವಳಿ ಹೆಚ್ಚಾಯಿತು. ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿ; ಅಗಲವಾದ ನೇರ ಬೀದಿಗಳು, ಮನೆಗಳ ಬೆನ್ನಿಗೆ ಬೆನ್ನು ತಾಗದಂತೆ ಹಿಂದುಗಡೆ ಒಂದು ಕಿರುಹಾದಿ. ಅದೇ 1898ರಲ್ಲಿ ಮುಂಬಯಿಯಲ್ಲಿಯೂ, 1903ರಲ್ಲಿ ಮೈಸೂರಿನಲ್ಲಿಯೂ ನಗರ ಸುಧಾರಣೆಗೆಂದೇ ಪ್ರತ್ಯೇಕ ಮಂಡಲಿಗಳು ಸ್ಥಾಪನೆಯಾದುವು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡಿಸ್ ಎಂಬ ವಿದ್ವಾಂಸ 1914-15ರಲ್ಲಿ ಅಂದಿನ ಮದರಾಸು ಪ್ರಾಂತದ ಊರುಗಳನ್ನು ನೋಡಿಕೊಂಡು ಬಳ್ಳಾರಿಗೂ ಬಂದಿದ್ದ. ಹಳೆಯ ಊರನ್ನು ಸೀಳಿ ನೇರ ರಸ್ತೆ ಎಳೆಯುವುದಕ್ಕಿಂತ, ಬಿದ್ದುಹೋದ ಮನೆಗಳನ್ನು ಮಾತ್ರ ತೆಗೆದು ಅಲ್ಲಲ್ಲಿ ತೆರಪು ಮಾಡುವುದು ಮೇಲು ಎಂದು ಅವನ ವಾದ. ವೈದ್ಯನು ಕೈಯನ್ನೇ ಕಡಿಯದೆ ಕುರುವನ್ನಷ್ಟೇ ಕುಯ್ದಂತೆ. ಅವನ ಮಾತಿಗೆ ಅಂದು ಕಿವಿಗೊಟ್ಟವರು ಬಹಳ ಮಂದಿಯಲ್ಲ.

ಈಗ ಸ್ವಲ್ಪ ಹೊತ್ತು ಸಮುದ್ರದಾಚೆಗೆ ಹೋಗಬೇಕು. ಏಕೆಂದರೆ ಊರನ್ನು ವಾಸದ ವಲಯ, ವ್ಯಾಪಾರದ ವಲಯ, ಕಾರ್ಖಾನೆಯ ವಲಯ ಎಂದು ಹಂಚುವ ಪದ್ಧತಿಯೂ, ಅದರಿಂದ ವಿನಾಯಿತಿ ಕೊಡುವ ಪದ್ಧತಿಯೂ ಅಮೆರಿಕದಲ್ಲಿ ಚೆನ್ನಾಗಿ ಬಲಿತುವು. ನ್ಯೂಯಾರ್ಕ್ ನಗರ 1916ರಲ್ಲಿ ಇಂಥ ಕಟ್ಟಳೆ ಮಾಡಿತು. ಒಹಾಯೋ ಸಂಸ್ಥಾನದಲ್ಲಿ ಕ್ಲೀವ್‌ಲೆಂಡ್ ನಗರದ ಮಗ್ಗುಲಲ್ಲಿ ಯೂಕ್ಲಿಡ್ ಎಂಬ ಚಿಕ್ಕ ಊರಿದೆ. ಅದು 1922ರಲ್ಲಿ ವಲಯಗಳನ್ನು ಗೊತ್ತುಮಾಡಿದಾಗ, ಅಲ್ಲಿ 68 ಎಕರೆ ಭೂಮಿಯಿದ್ದ ಕಂಪೆನಿಯೊಂದು ತನ್ನ ಆಸ್ತಿಯ ಬೆಲೆ ಕುಸಿಯಿತೆಂದು ನ್ಯಾಯಾಲಯಕ್ಕೆ ಹೋಯಿತು. 1926ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಊರಿನ ಪಕ್ಷವನ್ನೇ ಎತ್ತಿಹಿಡಿಯಿತು. ಒಳ್ಳೆಯ ವಸ್ತುವೂ ತನ್ನದಲ್ಲದ ಜಾಗದಲ್ಲಿದ್ದರೆ ಉಪದ್ರವವಾಗುತ್ತದೆ, ಕೊಟ್ಟಿಗೆಯಲ್ಲಿರಬೇಕಾದ ಹಂದಿ ಪಡಸಾಲೆಗೆ ಬಂದ ಹಾಗೆ ಎಂದು ನ್ಯಾಯಮೂರ್ತಿಗಳ ಅಭಿಪ್ರಾಯ.

ಅದೇ ವರ್ಷಗಳಲ್ಲಿ ಅವರ ಕೇಂದ್ರ ವಾಣಿಜ್ಯ ಇಲಾಖೆ ಒಂದು ಮಾದರಿ ಕಾಯಿದೆಯನ್ನು ಸಿದ್ಧಪಡಿಸಿತು. ಊರೂರಿಗೂ ಐದು ಜನರ ಒಂದು ಮಂಡಲಿ. ಪ್ರತಿಯೊಬ್ಬನಿಗೂ ಮೂರು ವರ್ಷದ ಅವಧಿ. ನಿಯಮದ ಅಕ್ಷರವನ್ನೇ ಹಿಡಿದರೆ ಯಾವನಿಗೆ ಅನಾವಶ್ಯಕವಾದ ಕಷ್ಟ ಉಂಟಾಗುತ್ತದೆಯೋ ಅವನು ಈ ಮಂಡಲಿಯ ಮುಂದೆ ಹೋಗಬೇಕು. ಸಭೆ ಎಲ್ಲರಿಗೂ ತೆರೆದಿರಬೇಕು. ಪಕ್ಷಗಾರರಿಗೂ ಊರವರಿಗೂ ಮುಂಚಿತವಾಗಿ ತಿಳಿವಳಿಕೆ ಕೊಟ್ಟಿರಬೇಕು. ಯಾರು ಯಾವ ಕಡೆ ಮತ ಕೊಟ್ಟರು, ಯಾರು ಗೈರುಹಾಜರಾದರು ಎಂಬುದನ್ನು ಹೆಸರು ಹೆಸರಾಗಿ ಬರೆದಿಡಬೇಕು. ವಿನಾಯಿತಿ ದೊರೆಯಬೇಕಾದರೆ ಐವರಲ್ಲಿ ನಾಲ್ವರು ಒಪ್ಪಬೇಕು, ಮೂವರು ಸಾಲದು. ಕೊಟ್ಟದ್ದು ಸರಿಯಲ್ಲವೆಂದು ತೋರಿದವನು ಮೂವತ್ತು ದಿನಗಳೊಳಗೆ ನ್ಯಾಯಾಲಯಕ್ಕೆ ಹೋಗಬಹುದು.

ಕಷ್ಟವೆಂದರೇನು? ಜಾಗದ ಒಡೆಯನಿಗೆ ಹೆಚ್ಚು ಲಾಭ ಬಾರದಿರುವುದೂ ಅವನಿಗೆ ಕಷ್ಟವೇ. ನ್ಯೂಯಾರ್ಕ್ ಸಂಸ್ಥಾನದ ಲಿನ್‌ಬ್ರೂಕ್ ಎಂಬ ಊರಿನಲ್ಲಿ ವಾಸದ ವಲಯದ ಜಾಗದಲ್ಲಿ ಜಾರುಬಂಡಿಯಾಟದ ಮಂದಿರವೊಂದನ್ನು ಕಟ್ಟಲು ವಿನಾಯಿತಿ ಕೇಳಿದ ಮೊಕದ್ದಮೆಯಲ್ಲಿ, 1939ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಮೂರು ಒರೆಗಲ್ಲುಗಳನ್ನು ಇಟ್ಟಿತು. ನಿಯಮದಂತೆ ನಡೆದರೆ ಆ ಜಾಗದಿಂದ ತಕ್ಕಮಟ್ಟಿನ ಪ್ರಯೋಜನವೂ ಬಾರದೆಂದು ತೋರಿಸಬೇಕು. ಆ ತೊಡಕು ಆ ಜಾಗಕ್ಕೇ ವಿಶೇಷವಾದದ್ದಾಗಿರಬೇಕು, ಇಡೀ ಬೀದಿಗೆ ಇರುವ ತೊಡಕಾಗಿದ್ದರೆ ಬದಲಾಯಿಸಬೇಕಾದದ್ದು ನಿಯಮವನ್ನೇ. ವಿನಾಯಿತಿಯಿಂದ ಆ ನೆರೆಹೊರೆಯ ಸ್ವರೂಪ ಕೆಡಬಾರದು. ಆಟದ ಮಂದಿರಕ್ಕೆ ವಿನಾಯಿತಿ ಸಿಕ್ಕಲಿಲ್ಲ. ಎರಡನೆಯ ಒರೆಗಲ್ಲು ನನಗೆ ಬಹಳ ಹಿಡಿಸಿತು. ಅಪವಾದವು ಸಾವಿರ ಸಲ ಬಂದರೆ ಅದು ಅಪವಾದವಲ್ಲ, ಉತ್ಸರ್ಗವೇ ತಪ್ಪಾಗಿದೆ ಎಂದು ಯಾವ ವೈಯಾಕರಣನಾದರೂ ಹೇಳಿಯಾನು.

ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ ಅಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಾವು ಭಾವಿಸಬೇಡಿ. ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ ಎಂಬ ಊರಿನ ಮಂಡಲಿಯ ತೀರ್ಮಾನಗಳನ್ನು ಇಬ್ಬರು ಪರೀಕ್ಷಿಸಿ 1962ರಲ್ಲಿ ಬರೆದ ಪ್ರಬಂಧದ ತಲೆಬರಹದಲ್ಲಿಯೇ ದುರಾಡಳಿತವೆಂಬ ಮಾತಿದೆ. ಕಾನೂನಿನ ಒರೆಗಲ್ಲುಗಳಿಗೆ ಸೋಕದೆಯೇ ಆ ಮಂಡಲಿ ವಿನಾಯಿತಿಗಳನ್ನು ಹಂಚಿತ್ತು. ಚಿಕ್ಕ ಊರಿನಲ್ಲಿ ಅರ್ಜಿದಾರನೂ ಮಂಡಲಿಯ ಸದಸ್ಯನೂ ಒಬ್ಬರನ್ನೊಬ್ಬರು ಬಲ್ಲವರು. ದಾಕ್ಷಿಣ್ಯವೆಂಬುದು ನಮ್ಮ ನಾಡಿನ ಸ್ವತ್ತು ಮಾತ್ರವಲ್ಲ.

ನಮ್ಮ ನಾಡಿಗೆ ಮರಳೋಣ. 1961ರಲ್ಲಿ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1964ರಲ್ಲಿ ಪುರಸಭೆಗಳ ಕಾಯಿದೆ ರೂಪುಗೊಂಡುವು. 1973ರಲ್ಲಿ ರಾಜ್ಯದ ಹೆಸರಿನೊಡನೆ ಇವುಗಳ ಹೆಸರೂ ಕರ್ನಾಟಕವೆಂದಾಯಿತು. ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟು ಐವತ್ತು ಸಾವಿರದೊಳಗೆ ಜನಸಂಖ್ಯೆಯಿರುವ ಊರಿಗೆ ಪುರಸಭೆ. ಊರಿನ ನಕ್ಷೆಯಲ್ಲಿ ವಲಯಗಳನ್ನು ಬಣ್ಣ ಹಚ್ಚಿ ಗುರುತಿಸುವುದು ಮೊದಲ ಕಾಯಿದೆಯ ಕೆಲಸ. ಆ ಬಣ್ಣಕ್ಕೆ ತಕ್ಕಂತೆ ಇಟ್ಟಿಗೆ ಏಳುತ್ತಿದೆಯೇ ಎಂದು ನೋಡುವುದು ಎರಡನೆಯ ಕಾಯಿದೆಯಡಿ ಪುರಸಭೆಯ ಕೆಲಸ. ವಲಯವನ್ನೇ ಬದಲಿಸಬೇಕಾದರೆ ಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕೆಂಬ ವಿಧಿಯಿದೆ. ಆದರೆ ಪಕ್ಕದ ಮನೆಯವನು ಸಂದಿಯಲ್ಲಿ ಎರಡಡಿ ನುಂಗಿ ಗೋಡೆಯೆಬ್ಬಿಸಿದರೆ ಅದು ಯಾವ ಪತ್ರಿಕೆಯಲ್ಲಿಯೂ ಪ್ರಕಟವಾಗುವುದಿಲ್ಲ. ತಾರಸಿ ಬಿದ್ದ ಮೇಲೆ ತಮ್ಮ ಅಡಿಗೆಮನೆ ಕತ್ತಲಾದಾಗಲೇ ತಮಗೆ ತಿಳಿಯುವುದು.

ಇಂಥ ಒಂದು ಪುರಸಭೆಯ ವ್ಯವಹಾರ ಭಾರತದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದದ್ದುಂಟು. ಊರು ಉಡುಪಿ, ಆಗ ಅದು ಪುರಸಭೆಯಾಗಿತ್ತು. ಮದರಾಸು ಪ್ರಾಂತಕ್ಕೆ ಸೇರಿದ್ದ ದಿನಗಳ ನಗರಯೋಜನಾ ಕಾನೂನು ಅಲ್ಲಿಗೆ ಅನ್ವಯಿಸುತ್ತಿತ್ತು. ಅದರ ಕೆಳಗೆ ವಾಸಕ್ಕೆಂದು ಗೊತ್ತುಮಾಡಿದ್ದ ಪ್ರದೇಶವೊಂದರಲ್ಲಿ ಕಲ್ಯಾಣಮಂಟಪವೂ ಉಪನ್ಯಾಸಮಂದಿರವೂ ಆಗುವ ಕಟ್ಟಡವೊಂದಕ್ಕೆ ಪುರಸಭೆ ಅನುಮತಿ ಕೊಟ್ಟಿತು. ಬಳಿಕ ಅದನ್ನೇ ಚಲನಚಿತ್ರಮಂದಿರವಾಗಿ ಮಾರ್ಪಡಿಸಲು ಒಪ್ಪಿಗೆಯ ನಿರ್ಣಯ ಮಾಡಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಇದು ಆದೇಶಸಂಧಿ. ಅಲ್ಲಿನ ನಿವಾಸಿಯೊಬ್ಬರು ಇದನ್ನು ಪ್ರಶ್ನಿಸಿದರು. ಪುರಸಭೆ ನಡೆದುಕೊಂಡದ್ದು ಕ್ರಮವಲ್ಲವೆಂದು ಕಂಡುಕೊಂಡರೂ ಉಚ್ಚ ನ್ಯಾಯಾಲಯ ಅವರಿಗೆ ಪರಿಹಾರ ಕೊಡಲಿಲ್ಲ. ಕಟ್ಟಿದವರು ಅಷ್ಟರೊಳಗೆ ದೊಡ್ಡ ಮೊತ್ತವನ್ನು ವೆಚ್ಚ ಮಾಡಿಬಿಟ್ಟಿದ್ದರು.

ಈ ವೆಚ್ಚದ ವಾದವನ್ನು ತಾವು ತಮ್ಮ ಊರಿನಲ್ಲಿಯೂ ಕೇಳಿರಬೇಕು. ಕಟ್ಟಿ ಆಯಿತಲ್ಲ, ಇನ್ನೇನು ಮಾಡುವುದು? 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ತನ್ನ ನೆಲದಲ್ಲಿ ಕಟ್ಟುವುದು ಒಡೆಯನ ಹಕ್ಕು, ನಿಜ; ಆದರೆ ಪುರಸಭೆಯ ಎಲ್ಲೆಯೊಳಗೆ ಆ ಹಕ್ಕು ಅಲ್ಲಿ ವಾಸಿಸುವವರ ಹಿತಕ್ಕಾಗಿ ಕಟ್ಟಿಗೊಳಪಟ್ಟಿದೆ. ಯೋಜನೆ ಇರುವುದು ನಿವಾಸಿಗಳಿಗಾಗಿ. ಅದನ್ನು ಕಾಪಾಡುವುದು ಪುರಸಭೆ ಅವರಿಗೆ ಸಲ್ಲಿಸಬೇಕಾದ ಋಣ. ತನಗಿಲ್ಲದ ಅಧಿಕಾರವನ್ನು ಅದು ಚಲಾಯಿಸಿದರೆ ಅದು ಕೈತಪ್ಪಲ್ಲ, ಅಧಿಕಾರದ ಅಪಹರಣ. ಹಣ ಸುರಿದದ್ದರಿಂದಾಗಲಿ, ಯಾರೋ ಸುಮ್ಮನಿದ್ದುದರಿಂದಾಗಲಿ ಅದು ಸಿಂಧುವಾಗದು. ತೀರ್ಪಿನ ಸಾರಾಂಶ ಇಷ್ಟು. ಒಬ್ಬ ನೆರೆಯವನ ತಕರಾರಿನಿಂದ ದೇಶಕ್ಕೆಲ್ಲ ಅನ್ವಯಿಸುವ ನ್ಯಾಯ ಹುಟ್ಟಿತು. ಸಾಮಂತನಿಗೆ ಅವನ ಹಳೆಯ ಅರ್ಥ ಉಡುಪಿಯಲ್ಲಿ ಒಮ್ಮೆ ಮರಳಿ ಬಂದಿತೆನ್ನಬಹುದು.

ಆದರೆ ಊರುಗಳು ತೀರ್ಪುಗಳಿಗಿಂತ ವೇಗವಾಗಿ ಬೆಳೆದುವು. ಸಣ್ಣ ಸಣ್ಣ ನಿವೇಶನಗಳಲ್ಲಿ ಬಿಡಬೇಕಾದ ತೆರಪನ್ನು ಬಿಟ್ಟವರು ವಿರಳವಾದರು. ಇಲ್ಲಿ ತಪ್ಪನ್ನು ಕಟ್ಟುವವರೊಬ್ಬರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಇಪ್ಪತ್ತಡಿ ಅಗಲದ ಜಾಗದಲ್ಲಿ ಎರಡು ಮಗ್ಗುಲೂ ತೆರಪು ಬಿಟ್ಟು, ತಂದೆತಾಯಿ ಮಕ್ಕಳೊಡನೆ ಸಂಸಾರ ಮಾಡುವುದು ಹೇಗೆಂದು ನಿಯಮ ಬರೆದವರೂ ಯೋಚಿಸಬೇಕಾಗಿತ್ತು. ಹೀಗೆ ರಾಶಿಬಿದ್ದ ಉಲ್ಲಂಘನೆಗಳಿಗೆ ರಾಜ್ಯ ಕಂಡುಕೊಂಡ ದಾರಿಯೇ ಜನ ಬಾಯಲ್ಲಿ ಅಕ್ರಮ-ಸಕ್ರಮ ಎನ್ನುವ ಯೋಜನೆ. ಅದರ 2014ರ ನಿಯಮಗಳಂತೆ, 2013ರ ಅಕ್ಟೋಬರ್ 19ಕ್ಕೆ ಮುಂಚೆ ಕಟ್ಟಿದ ವಾಸದ ಮನೆಗಳಲ್ಲಿ ತೆರಪಿನ ಉಲ್ಲಂಘನೆ ನೂರಕ್ಕೆ 50ರೊಳಗಿದ್ದರೆ, ಇತರ ಕಟ್ಟಡಗಳಲ್ಲಿ 25ರೊಳಗಿದ್ದರೆ, ಶುಲ್ಕ ತೆತ್ತು ಸಕ್ರಮ ಮಾಡಿಸಿಕೊಳ್ಳಬಹುದಾಗಿತ್ತು. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು.

ನನ್ನ ಅಭಿಪ್ರಾಯವನ್ನು ಮರೆಮಾಚುವುದಿಲ್ಲ. ಸೂರು ಕೆಡವಿ ಸಂಸಾರಗಳನ್ನು ಬೀದಿಗೆಳೆಯುವುದಕ್ಕಿಂತ ಸಕ್ರಮವೇ ಲೇಸು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಈ ವಿನಾಯಿತಿಯಲ್ಲಿ ಯಾರು ಯಾರಿಗೆ ಏನು ಕೊಟ್ಟರು, ನೋಡಿ. ಸಂದಿಯನ್ನು ನುಂಗಿದವನು ಶುಲ್ಕ ಕೊಡುತ್ತಾನೆ. ಶುಲ್ಕ ಬೊಕ್ಕಸಕ್ಕೆ ಸೇರುತ್ತದೆ. ಯಾರ ಅಡಿಗೆಮನೆಗೆ ಬೆಳಕು ತಪ್ಪಿತೋ ಅವನನ್ನು ಒಪ್ಪಿಗೆಯೇ ಎಂದು ಕೇಳಿದವರಿಲ್ಲ, ಅವನ ಕೈಗೆ ಒಂದು ಕಾಸೂ ಬರುವುದಿಲ್ಲ. ಕೌಟಿಲ್ಯ ಒಡೆಯರಿಬ್ಬರೂ ಕೂಡಿ ತೀರ್ಮಾನಿಸಲಿ ಎಂದ. ಅಮೆರಿಕದವರು ನೆರೆಯವರೆದುರಿಗೆ ಐವರು ಕುಳಿತು ತೀರ್ಮಾನಿಸಲಿ ಎಂದರು. ನಾವು ಪ್ರತಿಶತ ಲೆಕ್ಕ ಹಾಕಿ ದರ ಗೊತ್ತುಮಾಡಿದೆವು.

2024ರ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಸುಮಾರು ಒಂದು ತಿಂಗಳ ಅಂತರದಲ್ಲಿ ಎರಡು ತೀರ್ಪುಗಳು ಹೊರಬಂದುವು. ನವೆಂಬರ್ 13ರದು ಕೆಡಹುವ ಅಧಿಕಾರಿಗಳಿಗೆ ಕಡಿವಾಣ: ಹದಿನೈದು ದಿನಗಳ ನೋಟೀಸು ಕೊಡದೆ, ಒಡೆಯನ ಅಹವಾಲು ಕೇಳದೆ ಯಾವ ಮನೆಯನ್ನೂ ಕೆಡಹಕೂಡದು, ಬೀದಿ, ಕಾಲುದಾರಿಗಳಂಥ ಸಾರ್ವಜನಿಕ ಸ್ಥಳಗಳ ಮೇಲಿನ ಒತ್ತುವರಿ ಇದಕ್ಕೆ ಹೊರತು. ಡಿಸೆಂಬರ್ 17ರದು ಕಟ್ಟುವವರಿಗೂ ಕಟ್ಟಲು ಬಿಡುವವರಿಗೂ: ಉತ್ತರಪ್ರದೇಶದ ಮೀರತ್ತಿನಲ್ಲಿ ವಾಸದ ನಿವೇಶನದಲ್ಲಿ ಎದ್ದ ಅಂಗಡಿಗಳ ಮೊಕದ್ದಮೆ ಅದು. ಅಧಿಕಾರಿಗಳು ವರ್ಷಗಟ್ಟಲೆ ಸುಮ್ಮನಿದ್ದರು, ಹಣ ಬಹಳ ಖರ್ಚಾಗಿದೆ ಎಂಬ ಕಾರಣಗಳಿಂದ ಅಕ್ರಮವು ಸಕ್ರಮವಾಗದು ಎಂದು ಉಡುಪಿಯ ನ್ಯಾಯವನ್ನೇ ಅದು ಮತ್ತೆ ಹೇಳಿತು. ಅದರ ಜೊತೆಗೆ ಒಂದು ಚಿಕ್ಕ ನಿರ್ದೇಶನವೂ ಇದೆ. ಕಟ್ಟಡದ ಕೆಲಸ ನಡೆಯುವ ಕಾಲದಲ್ಲೆಲ್ಲ ಮಂಜೂರಾದ ನಕ್ಷೆಯ ಪ್ರತಿಯೊಂದನ್ನು ಆ ಸ್ಥಳದಲ್ಲಿಯೇ ಎಲ್ಲರಿಗೂ ಕಾಣುವಂತೆ ಇಟ್ಟಿರಬೇಕು. ತಮ್ಮ ಮಗ್ಗುಲಿನ ನಿವೇಶನದಲ್ಲಿ ಮರಳು ಜಲ್ಲಿ ಬಂದು ಬಿದ್ದ ದಿನ ತಾವು ಆ ನಕ್ಷೆಯನ್ನು ಕೇಳಿ ನೋಡಬಹುದು. ತಮ್ಮ ಗೋಡೆಯ ಕಡೆಗೆ ಎಷ್ಟು ಅಡಿ ಸಂದಿ ಬಿಡಬೇಕೆಂಬುದು ಅದರಲ್ಲಿ ಅಂಕಿಯಲ್ಲಿ ಬರೆದಿರುತ್ತದೆ.